ಹರೆಯದ ಮಕ್ಕಳು ಯಾರ ಹತ್ತಿರ ಮಾತಾಡಬೇಕು?

(ಸಂಜೆಯ ಕಲಿಕಾ ಕೇಂದ್ರವೊಂದರಲ್ಲಿ ಸ್ವಯಂಸೇವಕಿ ಶಿಕ್ಷಕಿಯೊಬ್ಬರು ಆಡಿದ ಮಾತು)



ದಿನಾ ಈ ಹೊತ್ತಿಗೆ ನಾವು ಕಾಗುಣಿತ ಬರೆಯುತ್ತೇವೆ. ಲೆಕ್ಕ ಮಾಡುತ್ತೇವೆ. ಇವತ್ತು ಪಾಟಿ, ಪುಸ್ತಕ ಪಕ್ಕಕ್ಕೆ ಇಡಿ. ಇವತ್ತು ಬರೀ ಮಾತು.

ಹೋದ ವಾರ ಪಾಠ ಮುಗಿದ ಮೇಲೆ ಒಬ್ಬ ತಾಯಿ ಹಿಂದೆ ಉಳಿದರು. "ಟೀಚರ್, ನಮ್ಮ ಹುಡುಗಿ ನನ್ನ ಕೂಡ ಮಾತು ಬಿಟ್ಟಾಳ್ರಿ. ಏನ್ ಕೇಳಿದ್ರೂ 'ಏನಿಲ್ಲ' ಅಂತಾಳ. ನಾ ಏನ್ ಮಾಡ್ಲಿ?" ಅಂತ ಕೇಳಿದರು. ಅವರು ಯಾರು ಅಂತ ನಾನು ಹೇಳುವುದಿಲ್ಲ. ನೀವೂ ಹಿಂದೆ ಮುಂದೆ ತಿರುಗಿ ನೋಡಬೇಡಿ! ಈ ಮಾತನ್ನು ನನಗೆ ಎಷ್ಟೋ ಮಂದಿ ತಾಯಂದಿರು ಕೇಳಿದ್ದಾರೆ.

'ಏನಿಲ್ಲ.' ಈ ಒಂದು ಮಾತು ನಮ್ಮ ಎಲ್ಲರ ಮನೆಯಲ್ಲೂ ಇದೆ. ಹುಡುಗಿ ಮುಖ ಸಣ್ಣ ಮಾಡಿ ಕೂತಿರುತ್ತಾಳೆ. "ಏನಾತು?" ಅಂದರೆ "ಏನಿಲ್ಲ." ಹುಡುಗ ಊಟ ಬಿಟ್ಟು ಏಳುತ್ತಾನೆ. "ಯಾಕೋ?" ಅಂದರೆ "ಏನಿಲ್ಲ." ಏನೂ ಇಲ್ಲದಿದ್ದರೆ ಹಾಗೆ ಯಾಕೆ ಕೂರುತ್ತಾರೆ? ಏನೋ ಇದೆ. ಆದರೆ ಹೇಳಲು ಜಾಗ ಇಲ್ಲ.

ಹತ್ತು ವರ್ಷದಿಂದ ಹತ್ತೊಂಬತ್ತು ವರ್ಷದವರೆಗೆ ಹದಿಹರೆಯ ಅಂತ ಡಾಕ್ಟರರು ಹೇಳುತ್ತಾರೆ. ಈ ವಯಸ್ಸಿನಲ್ಲಿ ಮೈ ಬೇಗ ಬೇಗ ಬೆಳೆಯುತ್ತದೆ. ಹುಡುಗಿ ದೊಡ್ಡವಳಾಗುತ್ತಾಳೆ. ಹುಡುಗನ ದನಿ ಒಡೆಯುತ್ತದೆ. ಕನ್ನಡಿ ಮುಂದೆ ನಿಲ್ಲುವುದು ಹೆಚ್ಚಾಗುತ್ತದೆ. ಸಣ್ಣ ಮಾತಿಗೆ ಸಿಟ್ಟು, ಸಣ್ಣ ಮಾತಿಗೆ ಅಳು. ಆದರೆ ಮಿದುಳಿನಲ್ಲಿ ಮುಂದಿನದನ್ನು ಯೋಚನೆ ಮಾಡುವ ಒಂದು ಭಾಗ ಇದೆ. ಅದು ಮಾತ್ರ ನಿಧಾನ. ಅದು ಪೂರಾ ಬಲಿಯುವ ಹೊತ್ತಿಗೆ ಇಪ್ಪತ್ತು ದಾಟಿ, ಇಪ್ಪತ್ತೈದರ ಹತ್ತಿರ ಬಂದಿರುತ್ತದೆ.

ಜೋಳ ತೆನೆ ಹಾಯುವ ಹೊತ್ತು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದಂಟು ಆಳೆತ್ತರ ಆಗಿರುತ್ತದೆ. ಕಾಳು ಹಿಚುಕಿದರೆ ಇನ್ನೂ ಹಾಲು. ದಂಟಿನ ಎತ್ತರ ನೋಡಿ ಕೊಯ್ಲು ಮಾಡುವವರು ಯಾರಾದರೂ ಇದ್ದೀರಾ? ಮಕ್ಕಳ ವಿಷಯದಲ್ಲಿ ಮಾತ್ರ ನಾವು ಹಾಗೆ ಮಾಡುತ್ತೇವೆ. ಎತ್ತರ ಬೆಳೆದಳು, ಮದುವೆ ಮಾಡು. ಮೀಸೆ ಬಂತು, ದುಡಿಯಲು ಕಳಿಸು.

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಅಂತ ಹಿರಿಯರು ಹೇಳಿದ್ದಾರೆ. ಈ ಗಾದೆ ಹೇಳಿ ಹೊಡೆಯುವವರನ್ನು ನಾನು ಬಹಳ ನೋಡಿದ್ದೇನೆ. ಶಾಲೆಯಲ್ಲೂ ನೋಡಿದ್ದೇನೆ. ನನಗೆ ಈ ಗಾದೆಯ ಮೇಲೆ ಸ್ವಲ್ಪ ಸಿಟ್ಟೇ ಇದೆ. ಹದಿಹರೆಯದ ಮಕ್ಕಳು ಗಿಡವೂ ಅಲ್ಲ, ಮರವೂ ಅಲ್ಲ. ಜೋರು ಮಾಡಿ ಬಗ್ಗಿಸಿದರೆ ಬಗ್ಗುವುದಿಲ್ಲ, ಮುರಿಯುತ್ತವೆ. ಇಲ್ಲವೇ ನಮ್ಮ ಕೈ ತಪ್ಪಿಸಿಕೊಂಡು ಬೇರೆ ಕಡೆ ವಾಲುತ್ತವೆ.

ಮೊದಲು ಮನೆ ತುಂಬ ಜನ ಇದ್ದರು. ತಾಯಿ ಹತ್ತಿರ ಹೇಳಲು ಆಗದ ಮಾತನ್ನು ಹುಡುಗಿ ಅಜ್ಜಿ ಹತ್ತಿರ ಹೇಳುತ್ತಿದ್ದಳು. ಅತ್ತಿಗೆ ಹತ್ತಿರ ಹೇಳುತ್ತಿದ್ದಳು. ಹುಡುಗನಿಗೆ ಸೋದರಮಾವ ಇದ್ದ. ಈಗ ನಮ್ಮ ಕಡೆ ಏನಾಗಿದೆ? ಮಳೆ ಕೈಕೊಟ್ಟರೆ ಗಂಡ ಹೆಂಡತಿ ಇಬ್ಬರೂ ಗುಳೆ ಹೋಗುತ್ತೀರಿ. ಬೆಂಗಳೂರು, ಮಂಗಳೂರು, ಗೋವಾ. ಮಕ್ಕಳು ಊರಲ್ಲಿ ಮುದುಕಿಯ ಹತ್ತಿರ. ಮುದುಕಿಗೆ ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ. ಊರಲ್ಲೇ ಇದ್ದವರಿಗೂ ಹೊಲ, ಮನೆ, ದನ, ಸಂಘ ಅಂತ ಬಿಡುವಿಲ್ಲ. ಮಕ್ಕಳು ಯಾರಿಗೆ ಹೇಳಬೇಕು? ಫೋನಿನಲ್ಲಿ ಯಾರೋ ಒಬ್ಬ ಗುರುತಿಲ್ಲದವನು 'ಊಟ ಆಯ್ತಾ?' ಅಂತ ಕೇಳುತ್ತಾನೆ. ಮನೆಯಲ್ಲಿ ಯಾರೂ ಅಷ್ಟು ಪ್ರೀತಿಯಿಂದ ಕೇಳಿರುವುದಿಲ್ಲ. ಮಾತು ಅಲ್ಲಿಗೆ ಹೋಗುತ್ತದೆ.

ಒಂದು ದೂರದ ದೇಶದ ಸಂಗತಿ ಹೇಳುತ್ತೇನೆ. ಅಮೆರಿಕಕ್ಕೆ ಸೇರಿದ ಹವಾಯಿ ಅನ್ನುವ ದ್ವೀಪಗಳಿವೆ. ಸುತ್ತ ಸಮುದ್ರ. ಅದರಲ್ಲಿ ಕವಾಯಿ ಅಂತ ಒಂದು ದ್ವೀಪ. ಅಲ್ಲಿಯೂ ಕಬ್ಬಿನ ತೋಟದಲ್ಲಿ ಕೂಲಿ ಮಾಡುವ ಬಡವರು ಬಹಳ ಇದ್ದರು. 1955ರಲ್ಲಿ ಆ ದ್ವೀಪದಲ್ಲಿ ಹುಟ್ಟಿದ ಮಕ್ಕಳ ಜೀವನವನ್ನು ಎಮ್ಮಿ ವರ್ನರ್ ಎಂಬ ಹೆಣ್ಣುಮಗಳು ಮತ್ತು ಅವರ ಜೊತೆಯವರು ಬರೆದಿಡುತ್ತಾ ಹೋದರು. ಮಕ್ಕಳಿಗೆ ಹತ್ತು ವರ್ಷ ಆದಾಗ ಹೋಗಿ ನೋಡಿದರು. ಹದಿನೆಂಟಕ್ಕೆ ನೋಡಿದರು. ನಲವತ್ತು ವರ್ಷ ಆದಾಗಲೂ ನೋಡಿದರು.

ಅವರಲ್ಲಿ ಕೆಲವು ಮಕ್ಕಳ ಮನೆಯಲ್ಲಿ ಬಹಳ ಕಷ್ಟ ಇತ್ತು. ಬಡತನ, ಕುಡಿತ, ಜಗಳ. ಈ ಮಕ್ಕಳು ಹಾಳಾಗುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಆದರೆ ಅಂಥ ಮೂರು ಮಕ್ಕಳಲ್ಲಿ ಒಬ್ಬರಂತೆ ಚೆನ್ನಾಗಿಯೇ ಬೆಳೆದರು. ಓದಿದರು, ದುಡಿದರು, ಸಂಸಾರ ಮಾಡಿದರು. ಹೇಗೆ? ಬೇರೆ ಕಾರಣಗಳೂ ಇದ್ದವು. ಆದರೆ ಒಂದು ಕಾರಣ ಮತ್ತೆ ಮತ್ತೆ ಸಿಕ್ಕಿತು. ಆ ಮಕ್ಕಳಿಗೆ ನಂಬಿಕೆ ಇಡಬಹುದಾದ ದೊಡ್ಡವರು ಒಬ್ಬರಾದರೂ ಇದ್ದರು. ಅದು ಯಾವಾಗಲೂ ತಾಯಿ ತಂದೆಯೇ ಆಗಿರಲಿಲ್ಲ. ಒಬ್ಬರಿಗೆ ಅಜ್ಜಿ. ಒಬ್ಬರಿಗೆ ಪಕ್ಕದ ಮನೆಯವರು. ಒಬ್ಬರಿಗೆ ಶಾಲೆಯ ಟೀಚರ್.

ಒಬ್ಬರು ಸಾಕು. ಆದರೆ ಆ ಒಬ್ಬರು ನಂಬಿಕೆ ಉಳಿಸಿಕೊಳ್ಳಬೇಕು. ನಾನು ಒಂದು ಸಲ ಅದನ್ನು ಕಳೆದುಕೊಂಡೆ. ಅದನ್ನೇ ಇವತ್ತು ಹೇಳಬೇಕು ಅಂತ ಬಂದಿದ್ದೇನೆ.

ನಾನು ಪಾಠ ಮಾಡುವ ಊರು ಇಲ್ಲಿಂದ ದೂರ. ಹೆಸರು ಬೇಡ. ಇದು 2015ರ ಮಾತು. ನಾನು ಡಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ. ಹದಿನಾಲ್ಕು ವರ್ಷ. ಲೆಕ್ಕದಲ್ಲಿ ಜಾಣೆ. ಶಾಲೆ ಬಿಟ್ಟ ಮೇಲೆ ಸುಮ್ಮನೆ ಹಿಂದೆ ಉಳಿಯುತ್ತಿದ್ದಳು. ಬೋರ್ಡು ಒರೆಸುತ್ತಿದ್ದಳು. ಕಿಟಕಿ ಹಾಕುತ್ತಿದ್ದಳು. ಮಾತಾಡುತ್ತಿರಲಿಲ್ಲ. ನಾನೂ ನನ್ನ ಪಾಡಿಗೆ ಹಾಜರಿ ಪುಸ್ತಕ ಬರೆಯುತ್ತಿದ್ದೆ. ಹೀಗೆ ಎರಡು ತಿಂಗಳು ಕಳೆಯಿತು.

ಒಂದು ದಿನ ಬೋರ್ಡು ಒರೆಸುತ್ತಾ, ನನ್ನ ಕಡೆ ಬೆನ್ನು ಮಾಡಿಯೇ ಹೇಳಿದಳು. ಪಕ್ಕದ ಊರಿನ ಒಬ್ಬ ಹುಡುಗ ಕಾಲೇಜಿಗೆ ಹೋಗಲು ನಮ್ಮ ಊರಲ್ಲಿ ಬಸ್ಸು ಹತ್ತುತ್ತಾನೆ. ಅವನು ಒಂದು ಚೀಟಿ ಕೊಟ್ಟಿದ್ದಾನೆ. ಅದರಲ್ಲಿ ಫೋನ್ ನಂಬರು ಇದೆ. "ನಾ ಫೋನ್ ಮಾಡಿಲ್ರಿ ಟೀಚರ್. ಚೀಟಿ ಹರದು ಒಗದೀನ್ರಿ. ಆದ್ರ ಅಂವ ದಿನಾ ನೋಡ್ತಾನ್ರಿ. ನನಗ ಅಂಜಿಕಿ ಆಗತೈತ್ರಿ. ಯಾರಿಗೂ ಹೇಳಬ್ಯಾಡ್ರಿ."

"ಇಲ್ಲವ್ವ, ಹೇಳಂಗಿಲ್ಲ" ಅಂದೆ.

ಮೂರು ದಿನ ಕಳೆದವು. ಸಂತೆಯಲ್ಲಿ ಅವಳ ತಾಯಿ ಸಿಕ್ಕರು. "ನಮ್ಮ ಹುಡುಗಿ ಹೆಂಗ ಓದಾಕತ್ತಾಳ್ರಿ?" ಅಂತ ಕೇಳಿದರು. ನಾನು ಚೆನ್ನಾಗಿ ಓದುತ್ತಾಳೆ ಅಂದೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ತಾಯಿಗೆ ತಿಳಿದಿರಲಿ, ಒಳ್ಳೆಯದೇ ಆಗುತ್ತದೆ ಅಂದುಕೊಂಡು ಎಲ್ಲ ಹೇಳಿಬಿಟ್ಟೆ. ಹುಡುಗಿಯದು ಏನೂ ತಪ್ಪಿಲ್ಲ ಅಂತಲೂ ಹೇಳಿದೆ. ಆದರೆ ಆ ತಾಯಿಯ ಕಿವಿಗೆ ಎರಡೇ ಮಾತು ಬಿದ್ದಿದ್ದವು. ಹುಡುಗ, ಚೀಟಿ.

ಮರುದಿನ ಹುಡುಗಿ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾಲ್ಕನೆಯ ದಿನ ನಾನೇ ಮನೆಗೆ ಹೋದೆ. ತಾಯಿ ಬಾಗಿಲಲ್ಲೇ ನಿಂತು, "ಆಕಿಗೆ ಸಾಲಿ ಸಾಕ್ರಿ. ನೀವ ಹೇಳಿ ಒಳ್ಳೇದ ಮಾಡಿದ್ರಿ" ಅಂದರು. ಒಳಗೆ ಹುಡುಗಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಿ ಒಂದು ಸಲ ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಗುರುತಿಲ್ಲದವರನ್ನು ನೋಡುವ ಹಾಗೆ ನೋಡಿದಳು. ಮತ್ತೆ ಮೊರದ ಕಡೆ ತಿರುಗಿದಳು.

ಆ ವರ್ಷ ಅವಳನ್ನು ಹತ್ತಿ ಹೊಲಕ್ಕೆ ಕಳಿಸಿದರು. ನಮ್ಮ ಕಡೆ ಹತ್ತಿ ಬೀಜಕ್ಕೆ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸ ಇದೆಯಲ್ಲ, ಅದಕ್ಕೆ. ಮರುವರ್ಷ ಬೇರೆ ಊರಿಗೆ ಕರೆದುಕೊಂಡು ಹೋಗಿ ಮದುವೆ ಮಾಡಿದರು. ನನಗೆ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವಳಿಗೆ ಆಗ ಹದಿನೈದು.

ಇಲ್ಲಿ ಕಾನೂನಿನ ಮಾತು ಹೇಳಲೇಬೇಕು. ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮದುವೆ ಮಾಡುವಂತಿಲ್ಲ. ಇದು 2006ರ ಕಾಯ್ದೆ. ಕರ್ನಾಟಕದಲ್ಲಿ ಆಮೇಲೆ ಇನ್ನೊಂದು ತಿದ್ದುಪಡಿ ತಂದರು. 2017ರಿಂದ ನಮ್ಮ ರಾಜ್ಯದಲ್ಲಿ ಅಂಥ ಮದುವೆ ಕಾನೂನಿನ ಪ್ರಕಾರ ಮದುವೆಯೇ ಅಲ್ಲ. ಮದುವೆ ನಡೆಯುತ್ತಿದೆ ಅಂತ ಗೊತ್ತಾದರೆ 1098ಕ್ಕೆ ಫೋನ್ ಮಾಡಬಹುದು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ದುಡ್ಡು ಹತ್ತುವುದಿಲ್ಲ. ಇವತ್ತು ಮನೆಗೆ ಹೋಗುವ ಮೊದಲು ಈ ನಂಬರನ್ನು ಎಲ್ಲರೂ ನೋಟ್‌ಬುಕ್ಕಿನ ಹಿಂದೆ ಬರೆದುಕೊಳ್ಳಿ. ಒಂದು, ಸೊನ್ನೆ, ಒಂಬತ್ತು, ಎಂಟು.

ನನ್ನ ತಪ್ಪು ಏನು? ತಾಯಿಗೆ ಹೇಳಿದ್ದೇ ತಪ್ಪು ಅಂತ ನಾನು ಈಗಲೂ ಅನ್ನುವುದಿಲ್ಲ. ಆ ಹುಡುಗನ ಕಾಟ ನಿಲ್ಲಿಸಲು ದೊಡ್ಡವರು ಬೇಕಾಗಿತ್ತು. ಹುಡುಗಿಗೆ ಹೇಳದೆ, ಹುಡುಗಿಯನ್ನು ಕೇಳದೆ ಹೇಳಿದೆ, ಅದು ತಪ್ಪು. ಅವಳನ್ನೇ ಕೂರಿಸಿಕೊಂಡು, "ಇದನ್ನು ಯಾರಿಗೆ ಹೇಳಿದರೆ ನಿನಗೆ ಕೆಡುಕಾಗುವುದಿಲ್ಲ?" ಅಂತ ಕೇಳಬೇಕಿತ್ತು. ಅವಳ ಮನೆ ಅವಳಿಗೆ ಗೊತ್ತು. ಅಪ್ಪ ಹೇಗೆ, ಅವ್ವ ಹೇಗೆ, ಯಾರು ಹೇಳಿದರೆ ಕೇಳುತ್ತಾರೆ, ಎಲ್ಲ ಗೊತ್ತು. ಅದಕ್ಕೂ ಮೊದಲು 'ಹೇಳಂಗಿಲ್ಲ' ಅಂತ ಮಾತು ಕೊಟ್ಟೆನಲ್ಲ, ಅದೂ ತಪ್ಪು. ಮುಂದೆ ಏನು ಬರುತ್ತದೆ ಅಂತ ತಿಳಿಯದೆ ಹಾಗೆ ಮಾತು ಕೊಡಬಾರದು.

ಈಗ ಮಕ್ಕಳು "ಯಾರಿಗೂ ಹೇಳಬ್ಯಾಡ್ರಿ" ಅಂದರೆ ನಾನು ಹೀಗೆ ಹೇಳುತ್ತೇನೆ: "ನಿನಗ ಕೇಡು ಆಗೋ ಮಾತಾದ್ರ ನಾ ಸುಮ್ಮನ ಕೂಡಂಗಿಲ್ಲ. ಆದ್ರ ನಿನಗ ಹೇಳಲಾರದ ಯಾರಿಗೂ ಹೇಳಂಗಿಲ್ಲ." ಕೆಲವು ಮಕ್ಕಳು ಇದನ್ನು ಕೇಳಿ ಎದ್ದು ಹೋಗುತ್ತಾರೆ. ಹೋಗಲಿ. ಹೆಚ್ಚಿನವರು ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತಾರೆ.

ಇನ್ನೊಂದು ಸಂಗತಿ. ಇದು ನಿಮ್ಮ ಹಾಗೆಯೇ ಸಂಜೆ ಕಲಿತ ಒಬ್ಬ ದೊಡ್ಡವ್ವನದು. ಬೇರೆ ಊರಿನ ಕೇಂದ್ರ. ಆ ದೊಡ್ಡವ್ವನೂ ಒಪ್ಪಿದ್ದಾರೆ, ಹುಡುಗನೂ ಒಪ್ಪಿದ್ದಾನೆ. ಅದಕ್ಕೇ ಹೇಳುತ್ತಿದ್ದೇನೆ.

ದೊಡ್ಡವ್ವನಿಗೆ ಐವತ್ತು ದಾಟಿದೆ. ಪಕ್ಕದ ಮನೆಯ ಹುಡುಗ 2024ರಲ್ಲಿ ಎಸ್ಸೆಸ್ಸೆಲ್ಸಿ ಬರೆದ. ಮೇ ತಿಂಗಳಲ್ಲಿ ಫಲಿತಾಂಶ ಬಂತು. ಲೆಕ್ಕದಲ್ಲಿ ಫೇಲು. ಅಪ್ಪ ಅಂಗಳದಲ್ಲಿ ಎಲ್ಲರ ಎದುರು ಹೊಡೆದ. "ನಿನ್ನ ಓದಿಗೆ ಹಾಕಿದ ರೊಕ್ಕದಾಗ ಎಮ್ಮಿ ತಂದಿದ್ರ ಹಾಲರ ಕೊಡ್ತಿತ್ತು" ಅಂದ. ನಾವೂ ಇಂಥ ಮಾತು ಆಡಿದವರೇ. ಹುಡುಗ ಮಾತು ಬಿಟ್ಟ. ಊರ ಹೊರಗಿನ ಸೇತುವೆ ಮೇಲೆ ಒಬ್ಬನೇ ಹೋಗಿ ಕೂರುತ್ತಿದ್ದ.

ದೊಡ್ಡವ್ವ ಅವನಿಗೆ ಬುದ್ಧಿ ಹೇಳಲಿಲ್ಲ. 'ಓದಪ್ಪ' ಅನ್ನಲಿಲ್ಲ. ತನ್ನ ನೋಟ್‌ಬುಕ್ಕು ಹಿಡಿದುಕೊಂಡು ಅವರ ಕಟ್ಟೆಗೆ ಹೋದಳು. "ತಮ್ಮಾ, ನನಗ ಒತ್ತಕ್ಷರ ತಿಳಿವಲ್ದು. ಟೀಚರ್ ಬೈತಾರ. ಒಂದೀಟು ತಿದ್ದಿ ಕೊಡ" ಅಂದಳು. ನಾನು ಬೈಯುವುದಿಲ್ಲ. ಆದರೂ ಇರಲಿ, ಅದು ದೊಡ್ಡವ್ವನ ಉಪಾಯ.

ಹುಡುಗ ತಿದ್ದಿದ. ಮರುದಿನ ಅವಳು ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಅವನನ್ನು ಕರೆದಳು. ಅವನು ಪಕ್ಕದಲ್ಲಿ ಕೂತು ತಿದ್ದುವುದು, ಇವಳು ರೊಟ್ಟಿ ಬಡಿಯುವುದು. ಬಿಸಿ ರೊಟ್ಟಿ, ಶೇಂಗಾ ಚಟ್ನಿ. ಹದಿನೈದು ದಿನ ಹೀಗೇ ನಡೆಯಿತು. ಪರೀಕ್ಷೆಯ ಸುದ್ದಿ ಒಂದು ದಿನವೂ ಎತ್ತಲಿಲ್ಲ. ಅಕ್ಕಂದಿರೇ, ಈ ಹದಿನೈದು ದಿನವನ್ನು ಗಮನಿಸಿ. ನಮಗೆ ಅಷ್ಟು ತಾಳ್ಮೆ ಇರುವುದಿಲ್ಲ. ಎರಡನೆಯ ದಿನವೇ 'ಮುಂದ ಏನ್ ಮಾಡ್ತೀ?' ಅಂತ ಕೇಳಿಬಿಡುತ್ತೇವೆ.

ಇನ್ನೊಂದನ್ನೂ ನೋಡಿ. ಅವರು ಎದುರುಬದುರು ಕೂತಿರಲಿಲ್ಲ. ಹುಡುಗನ ಕಣ್ಣು ನೋಟ್‌ಬುಕ್ಕಿನ ಮೇಲೆ, ಇವಳ ಕಣ್ಣು ಹಂಚಿನ ಮೇಲೆ. ನನ್ನ ಹುಡುಗಿಯೂ ಬೋರ್ಡಿನ ಕಡೆ ಮುಖ ಮಾಡಿಯೇ ಹೇಳಿದ್ದಳು. ಈ ವಯಸ್ಸಿನವರನ್ನು ಎದುರಿಗೆ ಕೂರಿಸಿಕೊಂಡು, "ಹೇಳು, ನಿನ್ನ ಮನಸ್ಸಿನಲ್ಲಿ ಏನಿದೆ?" ಅಂದರೆ ಪೊಲೀಸರು ಕೇಳಿದ ಹಾಗೆ ಇರುತ್ತದೆ. ಕಳೆ ತೆಗೆಯುವಾಗ, ನೀರು ತರುವಾಗ, ತಲೆ ಹಿಕ್ಕುವಾಗ ಮಾತು ತಾನಾಗಿ ಬರುತ್ತದೆ.

ಹದಿನಾರನೆಯ ದಿನ ಹುಡುಗ ತಲೆ ಎತ್ತದೆ ಹೇಳಿದ. "ದೊಡ್ಡವ್ವ, ನಾ ಇಲ್ಲಿಂದ ಹೋಗಿಬಿಡ್ತೀನಿ."

ದೊಡ್ಡವ್ವ ರೊಟ್ಟಿ ಬಿಟ್ಟಳು. ಅವಳು ಕೇಳಿದ ಮಾತನ್ನು ಅವಳೇ ನನಗೆ ಹೇಳಿದಳು. "ಊರು ಬಿಟ್ಟು ಹೊಂಟೀಯೋ, ಜೀವ ಬಿಟ್ಟು ಹೊಂಟೀಯೋ? ನನ್ನ ಮುಂದ ಖರೇ ಹೇಳು, ನಾ ಬೈಯಂಗಿಲ್ಲ."

ಹುಡುಗ ಅತ್ತುಬಿಟ್ಟ. ಜೀವದ ಮಾತೇ ಆಗಿತ್ತು.

ಇಂಥ ಮಾತನ್ನು ಬಾಯಿಬಿಟ್ಟು ಕೇಳಬಾರದು, ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತ ನಮ್ಮ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ಒಳಗೇ ಇದ್ದದ್ದು ಹೊರಗೆ ಬರುತ್ತದೆ, ಎದೆ ಹಗುರ ಆಗುತ್ತದೆ. ಮನಸ್ಸಿನ ಡಾಕ್ಟರರೂ ನೇರವಾಗಿ ಕೇಳಿ ಅಂತಲೇ ಹೇಳುತ್ತಾರೆ.

ದೊಡ್ಡವ್ವ ಅವನನ್ನು ಅಳಲು ಬಿಟ್ಟಳು. ಆಮೇಲೆ ಹೇಳಿದಳು. "ಯಪ್ಪಾ, ಇದು ನಾ ಒಬ್ಬಾಕಿ ಹೊರೋ ಹೊರೆ ಅಲ್ಲ. ಇನ್ನೊಬ್ರಿಗೆ ಹೇಳಬೇಕು. ಯಾರಿಗೆ ಹೇಳೋಣು, ನೀನ ಹೇಳು." ಅಪ್ಪನಿಗೆ ಬೇಡ ಅಂದ. ಅವ್ವ ಹೆದರುತ್ತಾಳೆ ಅಂದ. ಸೋದರಮಾವ ಆಗಬಹುದು ಅಂದ. ಅವತ್ತು ರಾತ್ರಿಯೇ ಸೋದರಮಾವನಿಗೆ ಫೋನ್ ಹೋಯಿತು. ಅವನು ಬರುವ ತನಕ ದೊಡ್ಡವ್ವ ಹುಡುಗನನ್ನು ಒಬ್ಬನನ್ನೇ ಬಿಡಲಿಲ್ಲ. ಮಾವ ಬಂದವನು ಅಕ್ಕ-ಭಾವನನ್ನು ಕೂರಿಸಿಕೊಂಡು ಮಾತಾಡಿದ. ಬೆಳೆಗೆ ಹೊಡೆಯುವ ಎಣ್ಣಿ ಇಟ್ಟಿದ್ದ ಕೋಣೆಗೆ ಬೀಗ ಹಾಕಿಸಿದ. ನಿಮ್ಮ ಮನೆಯಲ್ಲೂ ಹಾಕಿ. ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ ಅಂದರೂ ಹಾಕಿ. 14416 ಅಂತ ಇನ್ನೊಂದು ನಂಬರು ಇದೆ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರ 2022ರಲ್ಲಿ ಶುರು ಮಾಡಿದ್ದು. ಕನ್ನಡದಲ್ಲೇ ಮಾತಾಡುತ್ತಾರೆ. ಮಾವ ಅದಕ್ಕೂ ಮಾಡಿಸಿದ. ಹುಡುಗ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದನಂತೆ. ಏನು ಮಾತಾಡಿದ ಅಂತ ದೊಡ್ಡವ್ವ ಕೇಳಲಿಲ್ಲ, ನಾನೂ ಕೇಳಿಲ್ಲ.

2024ರಲ್ಲಿ ಎಸ್ಸೆಸ್ಸೆಲ್ಸಿಗೆ ಮೂರು ಪರೀಕ್ಷೆ ಮಾಡಿದರು. ಇದು ಆ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಎರಡನೆಯದಕ್ಕೆ ಹೆಸರು ಬರೆಸುವ ದಿನ ದಾಟಿಹೋಗಿತ್ತು. ಆಗಸ್ಟಿನಲ್ಲಿ ಮೂರನೆಯದು ಬರೆದ. ಲೆಕ್ಕಕ್ಕೆ 36 ಅಂಕ ಬಂತು. ದೊಡ್ಡವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಈಗ ಅವನು ಮೋಟಾರು ರಿಪೇರಿ ಕಲಿಯುತ್ತಿದ್ದಾನೆ. ಅಪ್ಪನ ಜೊತೆ ಇನ್ನೂ ಅಷ್ಟಕ್ಕಷ್ಟೇ. ಅದಕ್ಕೆ ಕಾಲ ಬೇಕು. ದೊಡ್ಡವ್ವನಿಗೆ ಒತ್ತಕ್ಷರ ಈಗ ತಪ್ಪುವುದಿಲ್ಲ.

ಈಗ ಒಂದು ಕಠಿಣ ಮಾತು ಹೇಳಬೇಕು. ಎಲ್ಲ ಮಾತನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಯಾರಾದರೂ ಮೈ ಮುಟ್ಟಿದರು, ಕೆಟ್ಟದಾಗಿ ನಡೆದುಕೊಂಡರು ಅಂತ ಹುಡುಗಿಯಾಗಲಿ ಹುಡುಗನಾಗಲಿ ಹೇಳಿದರೆ ಮುಚ್ಚಿಡಬಾರದು. ಅವನು ನೆಂಟನಾಗಿರಲಿ, ಗುರುವಾಗಿರಲಿ. 'ಮನೆ ಮರ್ಯಾದೆ' ಅಂತ ಸುಮ್ಮನಿದ್ದರೆ ಆ ಮಗು ಮತ್ತೆ ಅವನ ಕೈಗೇ ಸಿಗುತ್ತದೆ. 18 ವರ್ಷದೊಳಗಿನ ಮಕ್ಕಳಿಗೆ 2012ರಲ್ಲಿ ಪೋಕ್ಸೋ ಅಂತ ಕಾನೂನು ಬಂದಿದೆ. ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು ಅಂತ ಅದರಲ್ಲಿದೆ. 1098ಕ್ಕೆ ಹೇಳಿದರೂ ದಾರಿ ತೋರಿಸುತ್ತಾರೆ. ಮೊದಲು ಮಗುವಿಗೆ ಹೇಳಿ: "ನೀ ಹೇಳಿದ್ದು ಒಳ್ಳೇದಾತು. ನಿಂದೇನೂ ತಪ್ಪಿಲ್ಲ." ಹೀಗೆ ಕೇಳಿಸಿಕೊಂಡ ಮಗು ಮುಂದೆ ಯಾರ ಎದುರು ಬೇಕಾದರೂ ನಿಂತು ಮಾತಾಡುತ್ತದೆ.

ಯಾರನ್ನು ನಂಬಬೇಕು ಅಂತಲೂ ಮಕ್ಕಳಿಗೆ ಹೇಳಿಕೊಡಬೇಕು. ಇದು ಬಹಳ ಸುಲಭದ ಗುರುತು. ಒಳ್ಳೆಯವರು ಬಾಗಿಲು ತೆರೆದು ಮಾತಾಡುತ್ತಾರೆ. "ನಿಮ್ಮ ಅವ್ವಗ ಹೇಳಿ ಬಾ" ಅನ್ನುತ್ತಾರೆ. "ನಾ ಕೊಟ್ಟಿದ್ದು ಮನ್ಯಾಗ ಹೇಳಬ್ಯಾಡ" ಅಂತ ಯಾರಾದರೂ ದೊಡ್ಡವರು ಅಂದರೆ, ಅದು ಚಾಕೊಲೇಟೇ ಆಗಿರಲಿ, ಫೋನೇ ಆಗಿರಲಿ, ಅಂಥವರ ಹತ್ತಿರ ಹೋಗಬಾರದು.

ಕೆಲವು ತಾಯಂದಿರಿಗೆ ಈಗ ಒಂದು ಮಾತು ಮನಸ್ಸಿಗೆ ಬಂದಿರಬಹುದು. "ನಾ ಹೆತ್ತಾಕಿ. ನನಗ ಬಿಟ್ಟು ಮಂದಿಗೆ ಯಾಕ ಹೇಳಬೇಕು?" ಇದು ಸಹಜ. ನನಗೂ ಮಗಳಿದ್ದಾಳೆ. ಹನ್ನೊಂದು ವರ್ಷ. ಮೊದಲ ಸಲ ಮುಟ್ಟಾದಾಗ ನನಗೆ ಹೇಳಲಿಲ್ಲ. ನನ್ನ ಅತ್ತೆಗೆ ಹೇಳಿದಳು. ನಾನು ಊರ ಮಕ್ಕಳಿಗೆಲ್ಲ ಇದರ ಪಾಠ ಮಾಡುವವಳು! ಹೊಟ್ಟೆ ಉರಿಯಿತು. ಎರಡು ದಿನ ಅತ್ತೆಯ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅನಿಸಿತು, ಗುರುತಿಲ್ಲದ ಯಾರಿಗೋ ಹೇಳಲಿಲ್ಲವಲ್ಲ. ಅತ್ತೆ ಬೆಲ್ಲ ಕೊಬ್ಬರಿ ಕೊಟ್ಟು, ತಲೆ ನೇವರಿಸಿ ಧೈರ್ಯ ಹೇಳಿದ್ದರು. ನಾನು ಆಗಿದ್ದರೆ ಪಾಠ ಶುರು ಮಾಡುತ್ತಿದ್ದೆ.

ಹಾಗಾಗಿ ನಿಮ್ಮ ಮಗಳು ಪಕ್ಕದ ಮನೆಯ ಅಕ್ಕನ ಹತ್ತಿರ ಮಾತಾಡಿದರೆ ಅವಳನ್ನು ಬೈಯಬೇಡಿ. ನಿಮ್ಮ ಹತ್ತಿರ ಪಕ್ಕದ ಮನೆಯ ಮಗು ಬಂದರೆ ಅದನ್ನು ಕಟ್ಟೆಯ ಮೇಲೆ ಆಡಬೇಡಿ. ನಾವು ಹೆಂಗಸರು ಕಟ್ಟೆಯ ಮೇಲೆ ಏನೇನು ಆಡುತ್ತೇವೆ ಅಂತ ನಮಗೆಲ್ಲ ಗೊತ್ತು. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.' ಈ ಗಾದೆಯ ಮೇಲೆ ನನಗೆ ಸಿಟ್ಟಿಲ್ಲ.

ಆ ಹುಡುಗಿ ಏನಾದಳು ಅಂತ ನೀವು ಕೇಳುತ್ತೀರಿ. ಹೇಳುತ್ತೇನೆ. 2024ರ ಜೂನಿನಲ್ಲಿ ಶಾಲೆ ಶುರುವಾದ ವಾರ. ಒಬ್ಬ ಹೆಣ್ಣುಮಗಳು ಆರು ವರ್ಷದ ಹುಡುಗಿಯ ಕೈ ಹಿಡಿದುಕೊಂಡು ಬಂದಳು. ಗಂಡ ಹೆಂಡತಿ ಗುಳೆ ಹೋಗುತ್ತಾರೆ, ಮಗಳನ್ನು ತವರಲ್ಲಿ ಬಿಟ್ಟು ಶಾಲೆಗೆ ಸೇರಿಸಬೇಕು. ಅವಳೇ. "ಆರಾಮ ಅದೀರೇನ್ರಿ ಟೀಚರ್?" ಅಂದಳು.

ನಾನು ಅರ್ಜಿ ತುಂಬಿಸಿದೆ. ಮಗು ಹೊರಗೆ ಆಡಲು ಹೋಯಿತು. ಆಗ ಹೇಳಿದೆ. "ಅವತ್ತು ನಿನ್ನ ಕೇಳಲಾರದ ನಿಮ್ಮ ಅವ್ವಗ ಹೇಳಿದೆ. ನನ್ನದು ತಪ್ಪಾತವ್ವ." ಒಂಬತ್ತು ವರ್ಷ ಆ ಮಾತನ್ನು ಇಟ್ಟುಕೊಂಡಿದ್ದೆ. ಅವಳು ಬಹಳ ಹೊತ್ತು ಏನೂ ಅನ್ನಲಿಲ್ಲ. ಅರ್ಜಿಯ ಕೆಳಗೆ ನಿಧಾನವಾಗಿ ಸಹಿ ಮಾಡಿದಳು. ಅಕ್ಷರ ಈಗಲೂ ದುಂಡಗಿದೆ.

ಬಾಗಿಲ ಹತ್ತಿರ ಹೋಗಿ ನಿಂತಳು. "ನನ್ನ ಮಗಳು ಮುಂದ ನಿಮ್ಮ ಹತ್ರ ಏನಾರ ಹೇಳಿದ್ರ, ಮೊದಲ ಆಕೀನ್ನ ಕೇಳ್ರಿ" ಅಂದಳು. ಈ ಮಾತನ್ನು ಬೇರೆ ಊರಿನ ತಾಯಂದಿರಿಗೆ ಹೇಳಲೇ ಅಂತ ಆಮೇಲೆ ಒಂದು ದಿನ ಅವಳನ್ನು ಕೇಳಿದೆ. "ಹೆಸರು ಬಿಟ್ಟು ಹೇಳ್ರಿ" ಅಂದಳು.

ಲೈಟು ಇನ್ನೂ ಅರ್ಧ ಗಂಟೆ ಇರುತ್ತದೆ. ಏನಾದರೂ ಕೇಳುವುದಿದ್ದರೆ ಕೇಳಿ. ಎಲ್ಲರ ಎದುರು ಕೇಳಲು ಆಗದಿದ್ದರೆ ನಾಳೆ ರೊಟ್ಟಿ ಬಡಿಯುವ ಹೊತ್ತಿಗೆ ನಿಮ್ಮ ಮನೆಗೇ ಬರುತ್ತೇನೆ.